ಬಾಯಾರಿಕೆ ಕಲಿಸಿದವನು

ವಾರಕ್ಕೆ ಮೂರು ದಿನ ನಾನು ತೂಕಕ್ಕೆ ನಿಲ್ಲುತ್ತೇನೆ. ಐರ್ಲೆಂಡಿನ ಡ್ರೋಹೆಡಾ ಊರಿನ ಡಯಾಲಿಸಿಸ್ ಘಟಕದ ಬಾಗಿಲು ದಾಟಿದ ಕೂಡಲೇ ಎಡಗಡೆಗೆ, ನೆಲಕ್ಕೆ ಹೊಂದಿಕೊಂಡಂತೆ, ಒಂದು ತೂಕದ ಯಂತ್ರವಿದೆ. ಕೋಟು ತೆಗೆದು, ಬೂಟು ಬಿಚ್ಚಿ ಅದರ ಮೇಲೆ ಹತ್ತಬೇಕು. ಹಿಂದಿನ ಸಲ ಎದ್ದು ಹೋಗುವಾಗ ಎಷ್ಟಿದ್ದೆ, ಈಗ ಎಷ್ಟಿದ್ದೇನೆ ಎಂದು ನೋಡುತ್ತಾರೆ. ನಡುವಿನ ವ್ಯತ್ಯಾಸವೇ ನಾನು ಕುಡಿದು ಒಳಗೆ ಉಳಿಸಿಕೊಂಡ ನೀರು. ಅಷ್ಟನ್ನು ಹೊರಗೆ ತೆಗೆಯುತ್ತಾರೆ. ಕಿಡ್ನಿ ಕೆಲಸ ಬಿಟ್ಟವರ ವಿಷಯದಲ್ಲಿ ಈ ಬರಹಕ್ಕೆ ಬೇಕಾದ ತಿಳುವಳಿಕೆ ಇಷ್ಟೇ. ಉಳಿದದ್ದನ್ನು ಡಾಕ್ಟರು ಹೇಳುತ್ತಾರೆ.

ಆ ತೂಕದ ಯಂತ್ರಕ್ಕೆ ನಾನು ಮೋಸ ಮಾಡಿದೆ. ಅದಕ್ಕಿಂತ ದೊಡ್ಡ ತಪ್ಪನ್ನು ರೇಣುಕಾ ಎಂಬ ಹುಡುಗಿಯ ವಿಷಯದಲ್ಲಿ ಮಾಡಿದೆ. ಇಲ್ಲಿನ ಕನ್ನಡದವರು ಕೆಲವರು ಬಂದು, ನಿಮ್ಮ ಕಾಯಿಲೆಯ ಅನುಭವ ಬರೆದುಕೊಡಿ, ಇದೇ ಕುರ್ಚಿಯಲ್ಲಿ ಕೂತ ಬೇರೆಯವರಿಗೆ ಧೈರ್ಯ ಬರುತ್ತದೆ ಎಂದರು. ಧೈರ್ಯ ತುಂಬುವ ಹಾಗೆ ಬರೆಯಲು ನನಗೆ ಬರುವುದಿಲ್ಲ. ನನ್ನ ಓದು ಎಸ್ಸೆಸ್ಸೆಲ್ಸಿಗೆ ಮುಗಿದದ್ದು. ಆದರೆ ಬಾಯಾರಿಕೆ ಮನುಷ್ಯನಿಂದ ಏನೇನು ಮಾಡಿಸುತ್ತದೆ ಎಂಬುದು ಗೊತ್ತಿದೆ. ಅದನ್ನೇ ಬರೆಯುತ್ತೇನೆ.

ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ನನ್ನ ದುಡಿಮೆಯ ಕಾಲ ಕಳೆಯಿತು. ಗಿರಣಿಗೆ ಕುಸ್ತಿ ತಂಡವಿತ್ತು. ಮಗ್ಗದ ಕೆಲಸ ಬರುತ್ತದೋ ಇಲ್ಲವೋ ಎಂದು ಕೇಳುವ ಮೊದಲು ಅಂಗಿ ಬಿಚ್ಚಿಸಿ ಮೈಕಟ್ಟು ನೋಡಿ ನನ್ನನ್ನು ತೆಗೆದುಕೊಂಡರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಶೋಭಾ ನನ್ನನ್ನು ಐರ್ಲೆಂಡಿಗೆ ಕರೆತಂದಳು. ಅವಳೂ ಅಳಿಯ ಮಂಜುನಾಥನೂ ಕಂಪ್ಯೂಟರ್ ಕೆಲಸದವರು.

ಮೊದಲು ಬಂದದ್ದು ಕಾಲಿನ ಊತ. ಬೂಟು ಹಿಡಿಯುತ್ತಿರಲಿಲ್ಲ. ಇಲ್ಲಿನ ಥಂಡಿಗೆ ಚರ್ಮ ಕುಗ್ಗುತ್ತದೆ ಎಂದು ಬೂಟಿನ ಮೇಲೆ ತಪ್ಪು ಹೊರಿಸಿದೆ. ಮಂಜುನಾಥ ಒಂದು ಸೈಜು ದೊಡ್ಡದು ತಂದ. ಅದೂ ಬಿಗಿಯಾದಾಗ ಶೋಭಾ ಆಸ್ಪತ್ರೆಗೆ ಕರೆದೊಯ್ದಳು. ಕಾಯುವ ಕೋಣೆಯಲ್ಲಿ ನನ್ನ ಪಕ್ಕದ ಮುದುಕ ಟೋಪಿಯನ್ನು ಮೊಣಕಾಲಿಗೆ ತೊಡಿಸಿಕೊಂಡು ಕೂತಿದ್ದ. ನನ್ನ ಹೆಸರು ಕರೆದಾಗ ಅವನು ಮೆಲ್ಲಗೆ "ಗುಡ್ ಮ್ಯಾನ್" ಎಂದ. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಒಳಗೆ ಡಾಕ್ಟರಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. ಅಷ್ಟರಲ್ಲೇ ವಿಷಯ ಒಳ್ಳೆಯದಲ್ಲವೆಂದು ತಿಳಿಯಿತು. ಅವಳು ಬಹಳ ಹೊತ್ತು ಮಾತಾಡಿದಳು. ಶೋಭಾ ಅದನ್ನೆಲ್ಲ ಕನ್ನಡದಲ್ಲಿ ಒಂದೇ ಮಾತಿಗೆ ಇಳಿಸಿದಳು: "ಅಪ್ಪಾ, ಕಿಡ್ನಿ ಸ್ವಲ್ಪ ವೀಕ್ ಆಗಿದ್ಯಂತೆ." ಆಮೇಲೆ ಕಾರಿನಲ್ಲಿ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಗಾಡಿ ಶುರು ಮಾಡದೆ ಕೂತಳು. ಮಿಕ್ಕ ಮಾತುಗಳು ಏನಿದ್ದವೆಂದು ನಾನು ಅವಳನ್ನು ಕೇಳಲಿಲ್ಲ.

ಮಂಜುನಾಥ ತನ್ನ ದುಃಖವನ್ನು ಅಡಿಗೆಮನೆಯಲ್ಲಿ ತೋರಿಸಿದ. ಅದರಲ್ಲಿರುವ ಪೊಟ್ಯಾಸಿಯಂ ನನಗೆ ಆಗದೆಂದು ನನ್ನ ಪಾಲಿನ ಆಲೂಗಡ್ಡೆ ಹೆಚ್ಚಿ, ನೆನೆಹಾಕಿ, ಬೇಯಿಸಿ, ನೀರು ಬಸಿದು ಚೆಲ್ಲಿ, ಮತ್ತೆ ಬೇಯಿಸುತ್ತಿದ್ದ. "ಈ ದೇಶಕ್ಕೆ ಬಂದು ಆಲೂಗಡ್ಡೆಗೆ ಹೆದರೋ ಹಾಗಾಯ್ತಲ್ಲ ಮಾವ" ಎಂದ. ಬೆಂದ ಆ ಹೋಳುಗಳಿಗೆ ರುಚಿ ಎಂಬುದಿರಲಿಲ್ಲ. ಅವನು ನೋಡುತ್ತಿದ್ದ ಕಾರಣಕ್ಕೆ ತಿನ್ನುತ್ತಿದ್ದೆ.

ಡಯಾಲಿಸಿಸ್ ಶುರುವಾಗುವ ಮುಂಚೆ ಸೂಜಿಗೆ ಹೆದರಿದ್ದೆ. ಅದು ಬೇಗ ರೂಢಿಯಾಯಿತು. ಯಂತ್ರದ ಪಕ್ಕ ಕೂತಾಗ ಬೆಚ್ಚಗಿನ ಕಂಬಳಿ ಹೊದಿಸುತ್ತಾರೆ, ಟೋಸ್ಟ್ ಮತ್ತು ಅರ್ಧ ಕಪ್ ಟೀ ಕೊಡುತ್ತಾರೆ. ಆ ಅರ್ಧ ಕಪ್ಪಿಗಾಗಿ ಬೆಳಗಿನಿಂದ ಕಾಯುವ ಮನುಷ್ಯನಾದೆ. ನಿಜವಾಗಿ ಕಷ್ಟವಾದದ್ದು ಬಾಯಾರಿಕೆ. ದಿನಕ್ಕೆ ಇಷ್ಟೇ ಎಂದು ಶೋಭಾ ಬೆಳಿಗ್ಗೆ ಒಂದು ಬಾಟಲಿಗೆ ನೀರು ಅಳೆದಿಡುತ್ತಾಳೆ. ಕಾಫಿ, ಸಾರು, ಮಾತ್ರೆ ನುಂಗುವ ಗುಟುಕು, ಎಲ್ಲವೂ ಅದರೊಳಗೇ ಆಗಬೇಕು. ಊಟದ ಹೊತ್ತಿನಲ್ಲಿ ಬೇರೆಯವರು ಲೋಟ ಎತ್ತಿದಾಗ ಅವರ ಗಂಟಲು ಆಡುವುದನ್ನು ನೋಡುತ್ತಿದ್ದೆ. ನಾನು ನೋಡುವುದನ್ನು ಕಂಡ ಮಂಜುನಾಥ ಎದ್ದು ಅಡಿಗೆಮನೆಗೆ ಹೋಗಿ ಕುಡಿದು ಬರತೊಡಗಿದ. ಅದು ಇನ್ನೂ ಕೆಟ್ಟದಾಗಿತ್ತು. ನಲ್ಲಿ ತಿರುಗಿದ ಸದ್ದು ಕೇಳುತ್ತಿತ್ತು.

ಆ ಶರತ್ಕಾಲದಲ್ಲಿ ರೇಣುಕಾ ನಮ್ಮ ಮನೆಗೆ ಬಂದಳು. ಹಳಿಯಾಳದ ಕಡೆಯವಳು. ಮೇನೂತ್ ಎಂಬ ಊರಿನ ಕಾಲೇಜಿನಲ್ಲಿ ಒಂದು ವರ್ಷದ ಎಂಎಸ್ಸಿಗೆ ಸೇರಿದ್ದಳು. ಅಲ್ಲಿ ಬಾಡಿಗೆಗೆ ಕೋಣೆ ಸಿಗದೆ, ಪರಿಚಯದವರೊಬ್ಬರ ಮೂಲಕ ನಮ್ಮ ಮನೆಯ ಸಣ್ಣ ಕೋಣೆಗೆ ಬಂದಿದ್ದಳು. ದಿನಾ ರೈಲು ಬದಲಿಸಿಕೊಂಡು ಹೋಗಿಬರುತ್ತಿದ್ದಳು. ಮೊದಲ ಸಂಜೆ ಚಹಾ ಕುಡಿಯುತ್ತ ನನ್ನನ್ನೇ ದಿಟ್ಟಿಸಿದಳು.

"ಅಜ್ಜಾ, ಸಿಟ್ಟಾಗಬ್ಯಾಡ್ರಿ. ನೀವು ಗರಡಿ ಮಂದಿ ಹೌದಲ್ರಿ?"

"ನಿನಗ್ಯಾರು ಹೇಳಿದ್ರಮ್ಮ?"

"ನಿಮ್ಮ ಕಿವಿ ಹೇಳಿದ್ವು ನೋಡ್ರಿ."

ಕುಸ್ತಿಯಲ್ಲಿ ಹಿಂಡಿ ಹಿಂಡಿ ಗಂಟುಕಟ್ಟಿದ ನನ್ನ ಕಿವಿ ಮುಟ್ಟಿಕೊಂಡೆ. ಅವಳು ಕೂದಲು ಸರಿಸಿ ತನ್ನ ಎಡಗಿವಿ ತೋರಿಸಿದಳು. ಮೇಲಂಚು ದಪ್ಪಗಾಗಲು ಶುರುವಾಗಿತ್ತು. ಶೋಭಾ "ಅಯ್ಯೋ ದೇವ್ರೇ, ಇನ್ನೊಬ್ರಾ!" ಎಂದು ತಲೆ ಚಚ್ಚಿಕೊಂಡಳು.

ಊರಲ್ಲಿ ಎರಡು ಸಲ ವಿಶ್ವವಿದ್ಯಾಲಯದ ತಂಡಕ್ಕೆ ಅವಳ ಹೆಸರು ಬಂದು, ಎರಡೂ ಸಲ ಕೊನೆ ಗಳಿಗೆಯಲ್ಲಿ ಭುಜ ಜಾರಿತ್ತು. ಇಲ್ಲಿ ಕಾಲೇಜಿನ ಕುಸ್ತಿ ಕ್ಲಬ್ ಸೇರಿದ್ದಳು. ವಸಂತದಲ್ಲಿ ದೇಶದ ಎಲ್ಲ ಕಾಲೇಜುಗಳ ಕುಸ್ತಿ ಪಂದ್ಯಾವಳಿ ಗಾಲ್ವೇಯಲ್ಲಿ ನಡೆಯುವುದಿತ್ತು. "ಈ ಒಂದ ವರ್ಷ ಅಷ್ಟ ರೀ ನಾ ಸ್ಟೂಡೆಂಟ್. ಆಮ್ಯಾಲ ಕಾಲೇಜ್ ಕುಸ್ತಿ ನನಗ ಮುಗದಂಗ. ಒಂದ ಸಲ ಆ ಗ್ವಾಡಿ ಮ್ಯಾಲಿನ ಹಾಳ್ಯಾಗ ನನ್ನ ಹೆಸರು ಮುಂದ ಮುಂದ ಹೋಗೂದು ನೋಡಬೇಕ್ರಿ" ಎನ್ನುತ್ತಿದ್ದಳು.

ಗೋಡೆಯ ಹಾಳೆ ಅಂದರೆ ಏನೆಂದು ಅವಳೇ ಊಟದ ಮೇಜಿನ ಮೇಲೆ ಬಟಾಣಿ ಕಾಳು ಜೋಡಿಸಿ ತೋರಿಸಿದಳು. ಪ್ರತಿ ತೂಕಕ್ಕೂ ಒಂದೊಂದು ಹಾಳೆ. ಎಡತುದಿಯಲ್ಲಿ ಎಲ್ಲರ ಹೆಸರು ಒಂದರ ಕೆಳಗೊಂದು. ಇಬ್ಬಿಬ್ಬರನ್ನು ಒಂದು ಗೆರೆ ಸೇರಿಸುತ್ತದೆ. ಗೆದ್ದವರ ಹೆಸರು ಬಲಕ್ಕೆ ಒಂದು ಮನೆ ಮುಂದೆ ಹೋಗುತ್ತದೆ. ಹಿಂದಿನ ವರ್ಷ ಚೆನ್ನಾಗಿ ಆಡಿದವರನ್ನು ದೂರ ದೂರ ಇಟ್ಟಿರುತ್ತಾರೆ, ಬಲವಾದ ಇಬ್ಬರು ಮೊದಲೇ ಎದುರಾಗಬಾರದೆಂದು. ನಮ್ಮ ಕಡೆಯ ಕಣದಲ್ಲಿ ಸೋತವನು ಮಣ್ಣು ಕೊಡವಿಕೊಂಡು ಮನೆಗೆ ಹೋಗುತ್ತಿದ್ದ. ಇಲ್ಲಿ ಒಮ್ಮೆ ಸೋತವರ ಹೆಸರು ಕೆಳಗಿನ ಇನ್ನೊಂದು ಸಾಲಿಗೆ ಇಳಿಯುತ್ತದೆ. ಅಲ್ಲಿ ಸೋತವರು ಸೋತವರೊಂದಿಗೆ ಆಡುತ್ತ ಹೋಗುತ್ತಾರೆ. ಕೊನೆಯವರೆಗೆ ಗೆದ್ದರೆ ಮೂರನೆಯ ಸ್ಥಾನ. ಎರಡನೆಯ ಸಲ ಸೋತರೆ ಹೊರಗೆ. ಪ್ರತಿ ಗೆಲುವಿಗೂ ಕಾಲೇಜಿಗೆ ಅಂಕ, ಚಿತ್ ಮಾಡಿ ಗೆದ್ದರೆ ಹೆಚ್ಚು ಅಂಕ. ಎಲ್ಲರ ಅಂಕ ಕೂಡಿಸಿ ಯಾವ ಕಾಲೇಜು ಮೊದಲೆಂದು ತೀರ್ಮಾನ.

"ಸೋತೋರಿಗೂ ಒಂದು ದಾರಿ ಐತೆ ಅನ್ನು" ಎಂದೆ.

"ಹೌದ್ರಿ. ಅದರೊಳಗ ಆಡೋರು ಭಾಳ ಖತರ್ನಾಕ್. ಕಳ್ಕೊಳ್ಳಾಕ ಏನೂ ಉಳದಿರೂದಿಲ್ಲಲ್ರಿ."

ಒಂದು ತೊಡಕಿತ್ತು. ಒಂದು ತೂಕಕ್ಕೆ ಒಂದು ಕಾಲೇಜಿನಿಂದ ಒಬ್ಬರೇ. ರೇಣುಕಾಳ ಮೈತೂಕ ಅರವತ್ತೆರಡು ಕಿಲೋ ಗುಂಪಿನದು. ಆ ಜಾಗದಲ್ಲಿ ಈಫಾ ಎಂಬ ಹುಡುಗಿ ಮೊದಲಿಂದ ಇದ್ದಳು. ಕ್ಲಬ್ಬಿನ ಕೋಚ್ ಕಿಯಾರನ್ ರೇಣುಕಾಳಿಗೆ ಎರಡು ದಾರಿ ಹೇಳಿದ: ಈಫಾಳೊಂದಿಗೆ ಕ್ಲಬ್ಬಿನಲ್ಲೇ ಒಂದು ಪಂದ್ಯ ಆಡಿ ಗೆದ್ದು ಜಾಗ ತೆಗೆದುಕೊಳ್ಳುವುದು, ಇಲ್ಲವೇ ಖಾಲಿ ಇರುವ ಐವತ್ತೇಳಕ್ಕೆ ಇಳಿಯುವುದು. ಇಳಿಯುವುದಾದರೆ ಊಟ ಸರಿಮಾಡಿಕೊಂಡು ನಿಧಾನಕ್ಕೆ ಇಳಿ, ನೀರು ಕುಡಿಯುವುದು ಬಿಡಬೇಡ ಎಂದೂ ಹೇಳಿದ್ದ.

ಮಂಜುನಾಥ ಒಂದು ಸಂಜೆ ನನ್ನನ್ನು ಮೇನೂತಿಗೆ ಕರೆದೊಯ್ದು ಅವರ ತಾಲೀಮು ತೋರಿಸಿದ. ಈಫಾ ಎತ್ತರದ, ಕೆಂಪುಕೂದಲಿನ ಹುಡುಗಿ. ಕೈಹಿಡಿತ ಬಲವಾಗಿತ್ತು. ಆದರೆ ಮುಂದಿನ ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಿದ್ದಳು. ರೇಣುಕಾ ಅದನ್ನು ಹಿಡಿದಳು. ಎರಡು ಸಲ ಅದೇ ಕಾಲಿಗೆ ನುಗ್ಗಿ ಅವಳನ್ನು ಕೂರಿಸಿದಳು. ಮೂರನೆಯ ಸಲ ಸೊಂಟದ ಮೇಲಿಂದ ಎತ್ತಿ ಎಸೆಯುವ ಢಾಕ್ ಪಟ್ಟು ಹೊಡೆದಾಗ ಈಫಾ ಸುತ್ತಿ ಬಿದ್ದ ರೀತಿಗೆ ನನ್ನ ಕೈ ತಾನಾಗಿ ತೊಡೆ ತಟ್ಟಿತು. ನಾನು ನೋಡಿದೆ. ನೋಡಿದ್ದು ಅರ್ಥವೂ ಆಯಿತು.

ಮರಳುವಾಗ ಕಾರಿನಲ್ಲಿ ರೇಣುಕಾ ಕೇಳಿದಳು: "ಏನ್ ಅನಸ್ತೈತ್ರಿ ವಸ್ತಾದ್ರ? ಈಫಾನ ಕೂಡ ಆಡ್ಲೋ, ಇಳೀಲೋ?"

"ಇಳಿಯಮ್ಮ" ಎಂದೆ. "ಆ ಹುಡುಗಿ ಕೈ ಕಬ್ಬಿಣ. ನಿನ್ನ ಭುಜ ಬೇರೆ ನಂಬೋ ಹಂಗಿಲ್ಲ. ಐವತ್ತೇಳಕ್ಕೆ ಇಳಿದ್ರೆ ನಿನ್ನ ಮುಂದೆ ಯಾರೂ ನಿಲ್ಲಲ್ಲ. ಇಳಿಸೋದು ನನಗೆ ಬಿಡು."

ಯಾಕೆ ಹೀಗೆ ಹೇಳಿದಿರಿ ಎಂದು ಆಗ ಯಾರಾದರೂ ಕೇಳಿದ್ದರೆ ಅನುಭವ ಎನ್ನುತ್ತಿದ್ದೆ. ನಾನೂ ಹಾಗೆಂದೇ ನಂಬಿದ್ದೆ, ಅಥವಾ ನಂಬಿದಂತೆ ಇದ್ದೆ.

ಗಿರಣಿಯ ದಿನಗಳಲ್ಲಿ ತೂಕ ಇಳಿಸುವುದೆಂದರೆ ಬಾಯ್ಲರ್ ಕೋಣೆಯ ಪಕ್ಕ ಕಂಬಳಿ ಸುತ್ತಿಕೊಂಡು ಬಸ್ಕಿ ಹೊಡೆಯುವುದು, ನೀರು ಬಿಡುವುದು, ಬಾಯಲ್ಲಿ ಹುಣಸೆಬೀಜ ಇಟ್ಟುಕೊಂಡು ಉಗುಳುವುದು. ಅದನ್ನೆಲ್ಲ ಅವಳಿಗೆ ಕಲಿಸಿದೆ. ಬಾಯ್ಲರ್ ಬದಲು ಬಚ್ಚಲಿನ ಬಿಸಿನೀರ ಹಬೆ, ಕಂಬಳಿ ಬದಲು ಎರಡು ಜಾಕೆಟ್. ಡಯಾಲಿಸಿಸ್ ನನಗೆ ಕಲಿಸಿದ್ದನ್ನೂ ಸೇರಿಸಿದೆ: ಏಲಕ್ಕಿ ಅಗಿಯುವುದು, ತುಟಿಗೆ ನಿಂಬೆಹೋಳು ಉಜ್ಜುವುದು, ಐಸ್ ಚೂರೊಂದನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಕರಗುವವರೆಗೆ ಬೇರೇನಾದರೂ ಯೋಚಿಸುವುದು. ಶೋಭಾಗೆ ಹೇಳಬೇಡ ಎಂದೂ ಹೇಳಿದೆ.

ಸಂಜೆ ನಾವಿಬ್ಬರೂ ಮುಂಗೋಣೆಯಲ್ಲಿ ಕೂರುತ್ತಿದ್ದೆವು. ಒಂದು ಬಟ್ಟಲಲ್ಲಿ ಐಸ್ ಚೂರುಗಳು. ಅವಳದೊಂದು, ನನ್ನದೊಂದು.

"ಅಜ್ಜಾ, ನನ್ನ ಚೂರು ಇನ್ನೂ ಐತಿ. ನಿಮ್ಮದು?"

"ನಂದು ಆಗ್ಲೇ ಹೋಯ್ತು."

"ಸೋತ್ರಿ. ಕೆಳಗಿನ ಸಾಲಿಗೆ ಇಳೀರಿ."

ಕಾಯಿಲೆ ಬಂದ ಮೇಲೆ ನಾನು ನಕ್ಕದ್ದು ಆ ಸಂಜೆಗಳಲ್ಲಿ. ಡಯಾಲಿಸಿಸ್‌ಗೆಂದು ಆಪರೇಶನ್ ಮಾಡಿ ಜೋಡಿಸಿದ, ಸೂಜಿ ಚುಚ್ಚುವ ನನ್ನ ತೋಳಿನ ನರ ಯಾವಾಗಲೂ ಒಳಗೊಳಗೆ ಗುಂಯ್‌ಗುಡುತ್ತದೆ. ಅವಳು ಒಮ್ಮೆ ಬೆರಳಿಟ್ಟು ನೋಡಿ, "ಯವ್ವಾ, ಒಳಗ ಜೇನ ಕೂತಾವ!" ಎಂದು ಕೈ ಎಳೆದುಕೊಂಡಳು. ದಿನ ಕಳೆದಂತೆ ಅವಳ ಕೆನ್ನೆ ಒಳಗೆ ಹೋಯಿತು. ಮಾತು ಕಡಿಮೆಯಾಯಿತು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯತೊಡಗಿದಳು. ಶೋಭಾ ಕೇಳಿದರೆ ಪರೀಕ್ಷೆ ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಅದನ್ನು ಕೇಳುತ್ತಿದ್ದೆ.

ಇನ್ನು ತೂಕದ ಯಂತ್ರದ ಮೋಸ. ಅಲ್ಲಿನ ನರ್ಸ್ ಬ್ರೀಡಾ, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು. ನೀರು ಕಡಿಮೆ ಕುಡಿದು ಬಂದವರಿಗೆ "ಗ್ರ್ಯಾಂಡ್, ಹನೂ, ಗ್ರ್ಯಾಂಡ್!" ಎಂದು ಬೆನ್ನು ತಟ್ಟುತ್ತಾಳೆ. ಹನುಮಂತಪ್ಪ ಎಂಬುದು ಅವಳ ಬಾಯಲ್ಲಿ ಅಷ್ಟಕ್ಕೇ ನಿಲ್ಲುತ್ತದೆ. ಆ ಗ್ರ್ಯಾಂಡ್ ಕೇಳುವ ಆಸೆಗೆ ಒಂದು ದಿನ ನನ್ನ ಊರುಗೋಲನ್ನು ಯಂತ್ರದ ಹೊರಗೆ ನೆಲಕ್ಕೆ ಊರಿ ಸ್ವಲ್ಪ ಭಾರ ಅದರ ಮೇಲೆ ಬಿಟ್ಟೆ. ಅಂಕಿ ಇಳಿಯಿತು. ಬೆನ್ನು ತಟ್ಟಿಸಿಕೊಂಡೆ. ಆ ಸಂಜೆ ರೇಣುಕಾಳ ಮುಂದೆ ಜಂಬ ಕೊಚ್ಚಿಕೊಂಡೆ. ಅವಳು ನಗಲಿಲ್ಲ. "ಹಂಗ ಮಾಡಬ್ಯಾಡ್ರಿ ಅಜ್ಜಾ, ಒಳಗಿನ ನೀರು ಒಳಗ ಉಳೀತೈತಲ್ರಿ" ಎಂದಳು. ಸುಮ್ಮನೆ ತಮಾಷೆಗೆ ಎಂದೆ. ಆಮೇಲೂ ಆಗಾಗ ಮಾಡಿದೆ.

ಪಂದ್ಯಾವಳಿ ಶನಿವಾರ. ನನ್ನ ಡಯಾಲಿಸಿಸ್ ಕೂಡ ಶನಿವಾರ. ಬ್ರೀಡಾ ಯಾರಿಗೋ ಫೋನು ಮಾಡಿ ಅದನ್ನು ಶುಕ್ರವಾರಕ್ಕೆ ಬದಲಿಸಿಕೊಟ್ಟಳು. ನೀರು ಪೂರ್ತಿ ತೆಗೆದ ಮರುದಿನ ನನ್ನ ಕಾಲು ಸೆಳೆಯುತ್ತದೆ, ಮೈ ಹಿಂಡಿದ ಬಟ್ಟೆಯಂತಾಗುತ್ತದೆ. ಗಾಲ್ವೇಗೆ ಹಾಗೆ ಹೋಗಲು ಮನಸ್ಸಿರಲಿಲ್ಲ. ಆ ಶುಕ್ರವಾರ ಕೋಲಿನ ಮೇಲೆ ಹಿಂದೆಂದೂ ಬಿಡದಷ್ಟು ಭಾರ ಬಿಟ್ಟೆ. ಬ್ರೀಡಾ "ಗ್ರ್ಯಾಂಡ್" ಎಂದಳು. "ನಿಮ್ಮ ಹುಡುಗಿ ಗೆಲ್ಲಲಿ" ಎಂದೂ ಹಾರೈಸಿದಳು.

ಶನಿವಾರ ಶೋಭಾ ಕಾರು ಓಡಿಸಿದಳು. ರೇಣುಕಾ ಹಿಂದಿನ ಸಂಜೆಯೇ ತಂಡದ ಬಸ್ಸಿನಲ್ಲಿ ಹೋಗಿದ್ದಳು. ಕಾಲೇಜಿನ ದೊಡ್ಡ ಕ್ರೀಡಾಂಗಣ, ಪಕ್ಕಪಕ್ಕದಲ್ಲಿ ಹಾಸಿದ ನೀಲಿ ಚಾಪೆಗಳು, ಒಂದೊಂದಕ್ಕೂ ಒಬ್ಬ ರೆಫರಿ, ಒಂದೊಂದು ಮೇಜು. ತೂಕ ಬೆಳಿಗ್ಗೆಯೇ ಮುಗಿದಿತ್ತು. ಹುಡುಗರು ಹುಡುಗಿಯರು ನೆಲದ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತ, ಬಾಟಲಿಗಟ್ಟಲೆ ನೀರು ಕುಡಿಯುತ್ತಿದ್ದರು. ರೇಣುಕಾ ಓಡಿಬಂದಳು. ಕಣ್ಣು ಒಳಗೆ ಹೋಗಿದ್ದವು. ತುಟಿ ಒಡೆದಿತ್ತು.

"ಬಂತ್ರಿ ಅಜ್ಜಾ! ಐವತ್ತೇಳಕ್ಕ ಸರಿಯಾಗಿ ಕೂತಿನಿ!"

ಶೋಭಾ ಅವಳ ಗಲ್ಲ ಹಿಡಿದು ನೋಡಿದಳು. "ಏನೇ ಇದು, ಮೂರು ದಿನದಿಂದ ಊಟ ಮಾಡಿಲ್ವೇನೇ ನೀನು?"

"ಗ್ರ್ಯಾಂಡ್ ಅದೀನ್ರಿ ಅಕ್ಕಾ" ಎಂದು ಅವಳು ನನ್ನ ಕಡೆ ನೋಡಿದಳು.

ಗೋಡೆಯ ಮೇಲೆ ಹಾಳೆ ಇತ್ತು. ಐವತ್ತೇಳರ ಸಾಲಿನಲ್ಲಿ ಅವಳ ಹೆಸರಿತ್ತು, ಒಂದು ಅಕ್ಷರ ತಪ್ಪಾಗಿ. ಅವಳು ಅದರ ಫೋಟೋ ತೆಗೆದುಕೊಂಡಳು.

ಮೊದಲ ಪಂದ್ಯದಲ್ಲಿ ಎದುರಾಳಿಯನ್ನು ಬೇಗನೆ ಚಿತ್ ಮಾಡಿದಳು. ಹೆಸರು ಒಂದು ಮನೆ ಮುಂದೆ ಹೋಯಿತು. ಎರಡನೆಯದರಲ್ಲಿ ಅರ್ಧಕ್ಕೆ ಅವಳ ಮೀನಖಂಡ ಸೆಳೆಯಿತು. ಅಂಕದಲ್ಲಿ ಮುಂದಿದ್ದವಳು ಕಾಲು ಎತ್ತಲಾರದೆ ನಿಂತಳು. ಎದುರಾಳಿ ಸುಮ್ಮನೆ ತಳ್ಳಿ ಅಂಚಿಗೆ, ಅಂಚಿನಿಂದ ಹೊರಗೆ, ಮತ್ತೆ ಹೊರಗೆ; ಹೊರಗೆ ತಳ್ಳಿದಾಗೆಲ್ಲ ಎದುರಾಳಿಗೆ ಅಂಕ. ಪಂದ್ಯ ಮುಗಿದಾಗ ರೆಫರಿ ಯಾರ ಕೈ ಎತ್ತಿದನೆಂದು ರೇಣುಕಾಳಿಗೆ ತಿಳಿಯಲಿಲ್ಲ. ಅವಳು ನೆಲ ನೋಡುತ್ತಿದ್ದಳು. ಕಿಯಾರನ್ ಅವಳ ಕಾಲು ನೀವುತ್ತ ಏನೋ ಕೇಳಿದ, ಅವಳು ಇಲ್ಲವೆಂದು ತಲೆಯಾಡಿಸಿದಳು. ನೀರು ಬಿಟ್ಟಿದ್ದೆಯಾ ಎಂದು ಕೇಳಿದ್ದನಂತೆ.

ಪಕ್ಕದ ಚಾಪೆಯಲ್ಲಿ ಅದೇ ಹೊತ್ತಿಗೆ ಅರವತ್ತೆರಡರ ಪಂದ್ಯ. ಈಫಾ ಮುಂಗಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ಮೊದಲ ಪಂದ್ಯದಲ್ಲೇ ಸೋತಳು.

ರೇಣುಕಾಳ ಹೆಸರು ಕೆಳಗಿನ ಸಾಲಿಗೆ ಇಳಿಯಿತು. ಇನ್ನೂ ದಾರಿಯಿತ್ತು. ಊಟದ ನಂತರ ಅವಳ ಪಂದ್ಯ. ಅಷ್ಟರಲ್ಲಿ ಅವಳು ನೀರು ಕುಡಿದು, ಅನ್ನ ತಿಂದು, ಮುಖದ ಬಣ್ಣ ಮರಳಿತ್ತು. "ನೋಡ್ತಿರ್ರಿ, ಈಗ ನಾ ಖತರ್ನಾಕ್ ಮಂದಿ ಪೈಕಿ" ಎಂದಳು.

ನನಗೆ ಆಗಲೇ ಉಸಿರು ಸಿಗುತ್ತಿರಲಿಲ್ಲ. ಬೆಳಿಗ್ಗೆಯಿಂದ ಎದೆಯ ಮೇಲೆ ಯಾರೋ ಕೂತಂತಿತ್ತು. ಕ್ರೀಡಾಂಗಣದ ಸೆಕೆಗೆ, ಉದ್ವೇಗಕ್ಕೆ, ಶೋಭಾಳ ಕಣ್ಣು ತಪ್ಪಿಸಿ ಎರಡು ಲೋಟ ಸೂಪ್ ಕೂಡ ಕುಡಿದಿದ್ದೆ. ಹೇಳಿದರೆ ಕಾರು ಹತ್ತಿಸುತ್ತಾರೆ, ರೇಣುಕಾಳ ಮನಸ್ಸು ಕದಡುತ್ತದೆ ಎಂದು, ಬಾತ್‌ರೂಮಿಗೆ ಹೋಗಿ ಬರುತ್ತೇನೆಂದು ಶೋಭಾಗೆ ಹೇಳಿ ಹೊರಗಿನ ಪ್ಯಾಸೇಜಿಗೆ ಬಂದೆ. ಅಲ್ಲಿ ಕುಡಿಯುವ ನೀರಿನ ನಲ್ಲಿಯಿತ್ತು. ಅದರ ಪಕ್ಕ ಗೋಡೆಗೆ ಒರಗಿದವನು ಜಾರಿ ಕೂತೆ. ಏಳಲು ಆಗಲಿಲ್ಲ. ಪ್ರತಿ ಉಸಿರಿನಲ್ಲೂ ಗೊರಗೊರ ಸದ್ದು. ನೀರಿನೊಳಗೆ ಕೂತು ಉಸಿರೆಳೆದ ಹಾಗೆ.

ಬಾಟಲಿ ತುಂಬಿಕೊಳ್ಳಲು ರೇಣುಕಾ ಬಂದಳು. ಆಟದ ಕೆಂಪು ಉಡುಪಿನಲ್ಲಿದ್ದಳು. ನನ್ನ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು. ಬಗ್ಗಿ ನನ್ನ ಕಾಲುಚೀಲ ಇಳಿಸಿ ಹೆಬ್ಬೆರಳಿನಿಂದ ಒತ್ತಿದಳು. ಗುಂಡಿ ಬಿದ್ದದ್ದು ಏಳಲಿಲ್ಲ.

"ಕೋಲ ಊರಿದ್ರಿ ಹೌದಲ್ರಿ? ನಿನ್ನೆ?"

ತಲೆಯಾಡಿಸಿದೆ. ಅವಳು "ಶೋಭಕ್ಕಾ!" ಎಂದು ಕೂಗಿದಳು. ಯಾರೋ ಐರಿಷ್ ಹುಡುಗ ಓಡಿದ. ಅಷ್ಟರಲ್ಲಿ ಮೈಕಿನಲ್ಲಿ ಅವಳ ಹೆಸರು ಕರೆದರು. ತಪ್ಪು ಉಚ್ಚಾರದಲ್ಲಿ, ಮೂರನೆಯ ಚಾಪೆಗೆ ಎಂದು. ಹೋಗು ಎಂದು ಕೈ ಮಾಡಿದೆ. ಅವಳು ನನ್ನ ಬೆನ್ನ ಹಿಂದೆ ಕೂತು, ನಾನು ಮಲಗದಂತೆ ನೆಟ್ಟಗೆ ಎತ್ತಿ ಹಿಡಿದಿದ್ದಳು. ಕುಸ್ತಿಯವರ ಹಿಡಿತ. ಎರಡನೆಯ ಸಲ ಕರೆದರು. "ಹೋಗು" ಎಂದು ಬಾಯಿ ಅಲ್ಲಾಡಿಸಿದೆ, ಸದ್ದು ಬರಲಿಲ್ಲ.

"ಸುಮ್ಕಿರ್ರಿ, ಉಸುರು ಎಳೀರಿ."

ಮೂರನೆಯ ಸಲ ಕರೆದರು. ಮೂರು ಸಲ ಕರೆದರೂ ಬರದವರು ಸೋತ ಲೆಕ್ಕ. ಅವಳ ಎದೆ ನನ್ನ ಬೆನ್ನಿಗೆ ಒತ್ತಿಕೊಂಡಿತ್ತು. ಆ ಮೂರನೆಯ ಕರೆಗೆ ಅದು ಒಮ್ಮೆ ಜೋರಾಗಿ ಏರಿ ಇಳಿದದ್ದು ನನಗೆ ತಿಳಿಯಿತು. ಆಮೇಲೆ ಮೈಕಿನಲ್ಲಿ ಬೇರೆ ಯಾರದೋ ಹೆಸರು.

ಗಾಲ್ವೇಯ ಆಸ್ಪತ್ರೆಯಲ್ಲಿ ಆ ಸಂಜೆಯೇ ಡಯಾಲಿಸಿಸ್ ಮಾಡಿದರು. ಇಷ್ಟು ನೀರು ಹೇಗೆ ಸೇರಿತೆಂದು ಡಾಕ್ಟರು ಕೇಳಿದಾಗ ರೇಣುಕಾ ಕೋಲಿನ ವಿಷಯ ಹೇಳಿಬಿಟ್ಟಳು. ಶೋಭಾ ಒಮ್ಮೆ ನನ್ನ ಕಡೆ, ಒಮ್ಮೆ ರೇಣುಕಾಳ ಒಡೆದ ತುಟಿಯ ಕಡೆ ನೋಡಿದಳು. ಅವಳಿಗೆ ಎರಡೂ ಒಟ್ಟಿಗೆ ತಿಳಿದುಹೋಯಿತು. "ನಿಮಗೆ ನೀವು ಮಾಡ್ಕೊಂಡಿದ್ದು ನಿಮ್ಮಿಷ್ಟ ಅಂದ್ಕೊಳ್ಳೋಣ ಅಪ್ಪಾ. ಅವಳು ಬೇರೆಯವರ ಮನೆ ಮಗು" ಎಂದಳು. ಆಮೇಲೆ ಬಹಳ ದಿನ ನನ್ನೊಂದಿಗೆ ಮಾತಾಡಲಿಲ್ಲ. ಬಾಟಲಿಗೆ ನೀರು ಅಳೆದಿಡುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಮರುದಿನ ರೇಣುಕಾ ನನ್ನ ಮಂಚದ ಪಕ್ಕ ಕೂತಿದ್ದಳು. ನಿಧಾನಕ್ಕೆ ನೀರು ಕುಡಿಯುತ್ತಿದ್ದಳು. ನಾನು ಅವಳ ಗಂಟಲು ನೋಡುತ್ತಿದ್ದೆ.

"ನೀನು ಈಫಾನ ಸೋಲಿಸ್ತಿದ್ದೆ ಕಣಮ್ಮ."

"ಈಗ್ಯಾಕ್ರಿ ಆ ಮಾತು?"

"ನನಗೆ ಅವತ್ತೇ ಗೊತ್ತಿತ್ತು. ಅವಳ ಮುಂಗಾಲು ನೋಡಿದ್ದೆ."

ಅವಳು ಬಾಟಲಿಯ ಮುಚ್ಚಳ ತಿರುಗಿಸಿದಳು. "ಗೊತ್ತಿದ್ದೂ ಇಳಿ ಅಂದ್ರಿ?"

"ಹೂಂ."

"ಯಾಕ್ರಿ? ನಾ ನಿಮಗೇನ್ ಮಾಡಿದ್ನಿ?"

ಹೇಳಿಬಿಟ್ಟೆ. "ಮನೇಲಿ ಎಲ್ಲರೂ ನೀರು ಕುಡಿಯೋರು. ನಾನೊಬ್ಬನೇ ಬಾಯಿ ಒಣಗಿಸ್ಕೊಂಡು ಕೂರೋದು. ನೀನೂ ಹಂಗೆ ಕೂತ್ರೆ ನನಗೆ... ಸಮಾಧಾನ ಆಗೋದು."

ಅವಳು ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಹೇಳಿದಳು: "ಜೊತಿ ಬೇಕಾಗಿದ್ರ ಬಾ ಟೀವಿ ನೋಡೂಣು ಅಂತ ಕರೀಬೇಕಿತ್ರಿ ಅಜ್ಜಾ. ಬರ್ತಿದ್ನಿ."

ತಮಾಷೆಯ ಮಾತಿನಂತಿತ್ತು. ಅವಳು ನಗಲಿಲ್ಲ. ಎದ್ದು ಹೋದಳು. ಆ ವಾರವೇ ಸಣ್ಣ ಕೋಣೆ ಖಾಲಿ ಮಾಡಿ ಮೇನೂತಿನಲ್ಲಿ ಗೆಳತಿಯೊಬ್ಬಳ ಸೋಫಾದ ಮೇಲೆ ಉಳಿದ ತಿಂಗಳುಗಳನ್ನು ಕಳೆದಳು. ಓದು ಮುಗಿಯಿತು. ಗಾಲ್ವೇಯಲ್ಲಿ ಆಸ್ಪತ್ರೆಯ ಉಪಕರಣ ಮಾಡುವ ಕಂಪನಿಯೊಂದರಲ್ಲಿ ಕೆಲಸವಾಯಿತೆಂದು ಶೋಭಾ ಹೇಳಿದಳು. ಅವಳಿಗೆ ಇನ್ನು ಕಾಲೇಜು ಕುಸ್ತಿ ಇಲ್ಲ.

ಬ್ರೀಡಾಗೂ ನಾನೇ ಹೇಳಿದೆ. ಅವಳು ಬೈಯಲಿಲ್ಲ. "ಎಷ್ಟು ದಿನದಿಂದ, ಹನೂ?" ಎಂದಷ್ಟೇ ಕೇಳಿದಳು. ಅಂದಿನಿಂದ ನಾನು ಯಂತ್ರ ಹತ್ತುವ ಮುನ್ನ ಅವಳು ಕೈ ಚಾಚುತ್ತಾಳೆ. ಕೋಲು ಕೊಡುತ್ತೇನೆ. ಅಂಕಿ ಏನೇ ಬಂದರೂ ಗ್ರ್ಯಾಂಡ್ ಎನ್ನುವುದನ್ನು ಬಿಟ್ಟಿದ್ದಾಳೆ. ಬಂದದ್ದನ್ನು ಬಂದ ಹಾಗೆ ಓದುತ್ತಾಳೆ. ಸೇರಿದ ನೀರನ್ನೆಲ್ಲ ಸರಿಯಾಗಿ ತೆಗೆಯತೊಡಗಿದ ಮೇಲೆ, ನನ್ನ ಮೈಯ ಮಾಂಸ ಕರಗಿದೆ ಎಂದೂ, ನಾನು ತಿಳಿದುಕೊಂಡದ್ದಕ್ಕಿಂತ ಹಗುರ ಮನುಷ್ಯನಾಗಿದ್ದೇನೆ ಎಂದೂ ಆಗ ಗೊತ್ತಾಯಿತು. ಬಾಯಾರಿಕೆ ಇದ್ದೇ ಇದೆ. ಈಗ ಮಂಜುನಾಥ ನನ್ನೆದುರೇ ಕುಡಿಯುತ್ತಾನೆ. ನಾನೇ ಹಾಗೆ ಕೇಳಿಕೊಂಡೆ.

ಕಳೆದ ವಾರ ನನ್ನ ಡಯಾಲಿಸಿಸ್ ದಿನವೊಂದರಂದು ಶೋಭಾಗೆ ಆಫೀಸಿನ ಕೆಲಸವಿತ್ತು. ಮಂಜುನಾಥ ಊರಲ್ಲಿರಲಿಲ್ಲ. ಬಾಗಿಲಲ್ಲಿ ಒಂದು ಹಳೆಯ ಸಣ್ಣ ಕಾರು ಬಂದು ನಿಂತಿತು. ರೇಣುಕಾ ಇಳಿದಳು. ಮೈ ತುಂಬಿಕೊಂಡಿದ್ದಳು. ಎಡಗಿವಿ ಪೂರ್ತಿ ಗಂಟಾಗಿತ್ತು.

"ಅಕ್ಕ ಫೋನ್ ಮಾಡಿದ್ರು. ರಜಾ ಇತ್ತು. ಹತ್ರಿ."

ದಾರಿಯಲ್ಲಿ ಕುಸ್ತಿಯ ಮಾತು ಬಂತು. ಗಾಲ್ವೇಯಲ್ಲಿ ಒಂದು ಕ್ಲಬ್ಬಿಗೆ ಹೋಗುತ್ತಿದ್ದಾಳಂತೆ. ಯಾವ ತೂಕ ಎಂದು ಕೇಳಿದೆ.

"ಅರವತ್ತೆರಡು. ಹೊಟ್ಟಿ ತುಂಬ ನೀರು ಕುಡದ ನಿಲ್ತೀನ್ರಿ."

ಘಟಕದ ಬಾಗಿಲು ದಾಟಿದೆವು. ಕೋಟು ತೆಗೆದೆ, ಬೂಟು ಬಿಚ್ಚಿದೆ. ಬ್ರೀಡಾ ಎಂದಿನಂತೆ ಕೈ ಚಾಚಿದಳು. ಅಷ್ಟರಲ್ಲಿ ರೇಣುಕಾ ನನ್ನ ಕೋಲು ತೆಗೆದುಕೊಂಡಿದ್ದಳು. ನಾನು ಹತ್ತಿದೆ. ಮೈ ಸ್ವಲ್ಪ ವಾಲಿತು. ಅವಳು ಹಿಡಿಯಲು ಬರಲಿಲ್ಲ.

"ಗ್ವಾಡಿ ಬಿಡ್ರಿ ಅಜ್ಜಾ."

ನನ್ನ ಎಡಗೈ ನನಗೆ ತಿಳಿಯದಂತೆ ಗೋಡೆಗೆ ಹೋಗಿತ್ತು. ತೆಗೆದೆ. ಅಂಕಿ ಓಡಿ ನಿಂತಿತು. ಬ್ರೀಡಾ ಓದುವ ಮುಂಚೆ ರೇಣುಕಾಳೇ ಗಟ್ಟಿಯಾಗಿ ಕನ್ನಡದಲ್ಲಿ ಓದಿದಳು. ಪಕ್ಕದ ಕುರ್ಚಿಗಳವರು ತಿರುಗಿ ನೋಡಿದರು.

"ಜಾಸ್ತಿ ಕುಡದೀರಿ."

"ನಿನ್ನೆ ಸಾರು ಚೆನ್ನಾಗಿತ್ತು" ಎಂದೆ.

"ಇಳೀರಿ."

ನಾನು ಪೂರ್ತಿ ಇಳಿದು ಎರಡೂ ಕಾಲು ನೆಲಕ್ಕೆ ಊರಿದ ಮೇಲೆ ಕೋಲು ಕೊಟ್ಟಳು.